ಬಾಯಿ ಮೂಸುವವಳು

ಬಾಯಿ ಮೂಸುವುದು ಹಣಮಮ್ಮನ ಕೆಲಸವಾಗಿರಲಿಲ್ಲ. ಕಮಲಾಪುರದಲ್ಲಿ ಗಾಡಿ ತಡೆದು ತಪಾಸಣೆ ಮಾಡುವ ನಾಕಾದಲ್ಲಿ ಅವಳನ್ನು ಇಟ್ಟುಕೊಂಡದ್ದು ಕಸ ಹೊಡೆಯುವುದಕ್ಕೆ. ರಸ್ತೆಗೆ ಬಿದ್ದ ಸಗಣಿ ಬಳಿಯಬೇಕು. ಜವಾನರ ಪಾಯಖಾನೆಯ ಡಬ್ಬ ಹೊತ್ತು ಹಳ್ಳದಾಚೆ ಚೆಲ್ಲಬೇಕು. ಕದ್ದು ಸಾಗಿಸುವಾಗ ಸಿಕ್ಕ ಸರಾಯಿಯನ್ನು ನೆಲಕ್ಕೆ ಸುರಿದ ಮೇಲೆ ಆ ಬಾಟಲಿಗಳನ್ನು ಕಲ್ಲಿನಿಂದ ಒಡೆದು ಗುಂಡಿಯಲ್ಲಿ ಹೂಳಬೇಕು. ಇದಕ್ಕೆ ನಾಕಾದ ಹಿಂದೆ ಒಂದು ಗುಡಿಸಲು, ಹೊಟ್ಟೆಗಾಗುವಷ್ಟು ಜೋಳ. ಮೊದಲು ಈ ಪೊರಕೆ ಗಂಡ ಭೀಮಶಾನ ಕೈಯಲ್ಲಿತ್ತು. ಅವನು ಸತ್ತ ಮೇಲೆ ಅವಳ ಕೈಗೆ ಬಂತು.

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆ್ಯಕ್ಷನ್ ಮುಗಿದು ಎರಡು ವರ್ಷವಾಗಿತ್ತು. ಕಲಬುರಗಿಯಿಂದ ಜೀಪಿನಲ್ಲಿ ಬಂದ ಒಬ್ಬ ಸಾಹೇಬ ನಾಕಾದ ಮುಂದೆ ನಿಂತು ಹೊಸ ಹುಕುಂ ಓದಿದ. ನಶೆಯಲ್ಲಿ ಯಾರೂ ಗಾಡಿ ನಡೆಸಬಾರದು. ಸರಾಯಿ, ಸಿಂದಿ, ಗಾಂಜಾ, ಅಫೀಮು, ಔಷಧಿ, ಯಾವುದೇ ಇರಲಿ. ತಲೆ ತಿರುಗಿಸುವುದಾದರೆ ಅಪರಾಧ. ಅನುಮಾನ ಬಂದವರನ್ನು ನಿಲ್ಲಿಸಿ ಬಾಯಿಯ ವಾಸನೆ ನೋಡಬೇಕು. ಓದಿ ಮುಗಿಸಿ ಸಾಹೇಬ ಜೀಪು ಹತ್ತಿದ.

ವಾಸನೆ ನೋಡಬೇಕಾದರೆ ಬಾಯಿಗೆ ಮೂಗು ಒಡ್ಡಬೇಕು. ಒಂದು ಗೇಣು ದೂರದಲ್ಲಿ ನಿಂತು ಇನ್ನೊಬ್ಬನ ಉಸಿರನ್ನು ಒಳಗೆ ಎಳೆದುಕೊಳ್ಳಬೇಕು. ನಾಕಾದಲ್ಲಿ ನಿಲ್ಲಿಸುವ ಬಂಡಿಯವರು, ಹಮಾಲರು, ಲಾರಿಯವರಲ್ಲಿ ಅರ್ಧಕ್ಕೆ ಅರ್ಧ ಹೊಲಗೇರಿಯವರು. ಜಮಾದಾರ ದೌಲಪ್ಪ ದೊಡ್ಡ ಮನೆತನದವನು, ಮಡಿಯಲ್ಲಿ ಗಟ್ಟಿ. ಕೇರಿಯವರ ಉಸಿರು ಮೂಗಿಗೆ ಹೋದರೆ ಅವನು ಮೈ ತೊಳೆದುಕೊಳ್ಳಬೇಕು. ದಿನಕ್ಕೆ ಎಷ್ಟು ಸಲ ತೊಳೆದುಕೊಳ್ಳುವುದು? ಎರಡು ದಿನ ಯೋಚಿಸಿದ. ಮೂರನೆಯ ದಿನ ಕಸ ಹೊಡೆಯುತ್ತಿದ್ದವಳನ್ನು ಕರೆದ.

“ಏ ಹಣಮಿ, ಪೊರಕಿ ಕೆಳಗಿಡು. ಇವನ ಬಾಯಿ ಮೂಸು.”

ಅವಳು ಮೂಸಿದಳು. ಬಂಡಿಯ ಮುದುಕ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಿದ್ದ.

“ಅದನೋ, ಇಲ್ಲೋ?”

“ಅದ ರೀ.”

ಅವತ್ತಿನಿಂದ ಅವಳಿಗೆ ಎರಡು ಮಾತಿನ ಕೆಲಸ. ಅದ ಅನ್ನಬೇಕು, ಇಲ್ಲವೇ ಇಲ್ಲ ಅನ್ನಬೇಕು. ಅದ ಅಂದರೆ ಒಂದು ಕಾಗದ, ಅದರ ಕೆಳಗೆ ಅವಳ ಹೆಬ್ಬೆಟ್ಟು. ಕಾಗದ ಉರ್ದುವಿನಲ್ಲಿರುತ್ತಿತ್ತು, ಅದಾಲತ್ತಿನ ಮಾತು ಇನ್ನೂ ಅದೇ ಆಗಿದ್ದರಿಂದ. ಜಮಾದಾರನಿಗೆ ಉರ್ದು ಬರೆಯಲು ಬರುತ್ತಿರಲಿಲ್ಲ. ನಾಕಾದ ಬೇವಿನ ಕೆಳಗೆ ಸೈಕಲ್ ಟ್ಯೂಬಿಗೆ ತೇಪೆ ಹಾಕುತ್ತ ಕೂತಿರುತ್ತಿದ್ದ ಕರೀಂಸಾಬನಿಂದ ಬರೆಸುತ್ತಿದ್ದ. ಕರೀಂಸಾಬ್ ಹಿಂದೆ ತಹಸೀಲ್ ಕಚೇರಿಯಲ್ಲಿ ಗುಮಾಸ್ತ. ಆ್ಯಕ್ಷನ್ ಆದ ವರ್ಷ ನೌಕರಿ ಹೋಯಿತು. ಹೇಗೋ ಜೀವ ಉಳಿಯಿತು. ಜಮಾದಾರ ಬರಿ ಅಂದದ್ದನ್ನೆಲ್ಲ ಬರೆಯುತ್ತಿದ್ದ.

ಬಂಡಿಯವರು ಮೊದಮೊದಲು ಅವಳನ್ನು ಬೈದರು. ಆಮೇಲೆ ಚೇಷ್ಟೆ ಮಾಡಿದರು. “ಯಕ್ಕಾ, ಇವತ್ತು ಉಳ್ಳಾಗಡ್ಡಿ ತಿಂದೀನಿ, ಮೂಗು ಜ್ವಾಕಿ.” “ನನ್ನ ಹೆಂಡ್ತಿ ಸೈತ ಇಷ್ಟು ಹತ್ರ ಬಂದಿಲ್ಲವ್ವಾ.” ಅವಳು ನಗುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತು ಬಾಯಿ. ಹುಳುಕು ಹಲ್ಲಿನ ಬಾಯಿ, ತಂಬಾಕಿನ ಬಾಯಿ, ನಿನ್ನೆಯಿಂದ ಕೂಳು ಕಾಣದ ಬಾಯಿ. ಹಸಿದ ಬಾಯಿಗೆ ಒಂದು ಬೇರೆಯೇ ವಾಸನೆ ಇದೆ. ಅದಕ್ಕೆ ಯಾವ ಕಾಗದವೂ ಇರಲಿಲ್ಲ. ಸಂಜೆ ಅವಳು ಮೂಗಿನೊಳಗೆ ಬೂದಿ ಸೇದಿಕೊಂಡು ಸೀನಿ ಸೀನಿ ತೊಳೆದುಕೊಳ್ಳುತ್ತಿದ್ದಳು. ಹಾಗೆ ಮಾಡಿದರೂ ರೊಟ್ಟಿ ಮುರಿದಾಗ ಇನ್ನೊಬ್ಬರ ಬಾಯಿಯೇ ಮೂಗಿಗೆ ಹತ್ತುತ್ತಿತ್ತು.

ಕಾರುಗಳು ಬರುತ್ತಿದ್ದವು. ದೇಸಾಯಿಯವರ ಕಾರು, ಗಿರಣಿ ಮಾಲೀಕರ ಕಾರು, ಸಾಹೇಬರ ಜೀಪು. ಜಮಾದಾರ ರಸ್ತೆಗೆ ಅಡ್ಡ ಇಟ್ಟ ಬಿದಿರು ಎತ್ತಿಸಿ ಸಲಾಮು ಹೊಡೆಯುತ್ತಿದ್ದ. ಕಿಟಕಿಯಿಂದ ಹೊರಬಿದ್ದ ವಿಲಾಯತಿ ವಾಸನೆ ರಸ್ತೆಯ ಧೂಳಿನೊಂದಿಗೆ ಅವಳ ಮೂಗಿಗೆ ಬರುತ್ತಿತ್ತು. ಅದನೋ ಇಲ್ಲೋ ಎಂದು ಯಾರೂ ಕೇಳುತ್ತಿರಲಿಲ್ಲ.

ಅವಳ ಮೂಗು ಸಾಮಾನ್ಯದ್ದಲ್ಲ. ಕಮಲಾಪುರಕ್ಕೆ ಬರುವ ಮೊದಲು ಹನ್ನೆರಡು ವರ್ಷ ಕಲಬುರಗಿಯಲ್ಲಿ, ಧಾನ್ಯದ ಪೇಟೆಯಾದ ಗಂಜಿನ ಹಿಂದಿದ್ದ ಒಂದು ದವಾಖಾನೆಯ ಹಿತ್ತಲಲ್ಲಿ ಕೂತು ಬಾಟಲಿ ತೊಳೆದವಳು. ಓದು ಬಾರದು. ಬಾಟಲಿಯ ಮೇಲಿನ ಅಕ್ಷರ ಅವಳಿಗೆ ಇರುವೆ ಸಾಲು. ಬಿರಡೆ ತೆಗೆದು ಮೂಗಿಗೆ ಹಿಡಿದರೆ ಇದು ಹೊಟ್ಟೆನೋವಿನದು, ಇದು ಜ್ವರದ್ದು, ಇದು ಗಾಯ ತೊಳೆಯುವುದು ಎಂದು ಹೇಳುತ್ತಿದ್ದಳು. ಕಂಪೌಂಡರ್ ನಾಗಣ್ಣ ಎಷ್ಟೋ ಸಲ ಚೀಟಿ ಕಳಚಿಹೋದ ಬಾಟಲಿಯನ್ನು ದೂರದಿಂದ ನೆಲಕ್ಕಿಟ್ಟು, “ಇದು ಯಾವ್ದದ ನೋಡು” ಎಂದು ಕೇಳಿ ತಿಳಿದುಕೊಂಡಿದ್ದ.

ಆ ದವಾಖಾನೆಗೆ ಒಂದು ರೂಢಿ ಇತ್ತು. ಗಾಜಿನಲ್ಲೇ ಗೆರೆ ಕೊರೆದ ಔಷಧದ ಬಾಟಲಿಗಳನ್ನು ಕೇರಿಯವರಿಗೆ ಕೊಡುತ್ತಿರಲಿಲ್ಲ. ಅವರು ಮುಟ್ಟಿದ ಬಾಟಲಿ ತಿರುಗಿ ಬಂದು ಉಳಿದವುಗಳಲ್ಲಿ ಬೆರೆಯಬಾರದು. ಕೇರಿಯವರು ತಮ್ಮದೇ ಬಾಟಲಿ ತರಬೇಕು, ಹಿತ್ತಲ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿಯಬೇಕು. ನಾಗಣ್ಣ ಮೇಲಿಂದ ಆಲಿಕೆಯಲ್ಲಿ ಹುಯ್ಯುತ್ತಿದ್ದ. ಬೇರೆಯವರ ಬಾಟಲಿಗಾದರೆ ಎಷ್ಟೆಷ್ಟು ಕುಡಿಯಬೇಕೆಂದು ಅಂಚಿನಲ್ಲಿ ಹಲ್ಲಿನ ಹಾಗೆ ಗುರುತು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಕೇರಿಯವರ ಬಾಟಲಿಗೆ ಅಂಟಿಸಬೇಕೆಂದರೆ ಅದನ್ನು ಕೈಯಲ್ಲಿ ಹಿಡಿಯಬೇಕಲ್ಲ. ಹಾಗಾಗಿ ಪಟ್ಟಿ ಇಲ್ಲ. ಡಾಕ್ಟರು ಬರೆದ ಚೀಟಿಯೂ ಅವರ ಕೈಗೆ ಬರುತ್ತಿರಲಿಲ್ಲ. ಅದು ರಿಜಿಸ್ಟರಿನಲ್ಲೇ ಉಳಿಯುತ್ತಿತ್ತು.

ಕೇರಿಯಲ್ಲಿ ಗಾಜಿನ ಬಾಟಲಿ ಎಲ್ಲಿಂದ ಬರಬೇಕು? ಸರಾಯಿ ಅಂಗಡಿಯ ತಿಪ್ಪೆಯಿಂದ. ಬೂದಿ ಹಾಕಿ ಮೂರು ಸಲ ತಿಕ್ಕಿ, ಬಿಸಿಲಿಗೆ ಕವುಚಿ ಇಡಬೇಕೆಂದು ಕೇರಿಯವರಿಗೆ ಹೇಳಿಕೊಟ್ಟವಳು ಹಣಮಮ್ಮನೇ. ಹನ್ನೆರಡು ವರ್ಷ ಅದನ್ನು ಒಂದು ಉಪಕಾರ ಎಂದುಕೊಂಡಿದ್ದಳು.

ಮಾಪಣ್ಣ ಕೇರಿಯಿಂದ ಸ್ಟೇರಿಂಗ್ ಹಿಡಿದ ಮೊದಲ ಮನುಷ್ಯ. ಆ್ಯಕ್ಷನ್ ವೇಳೆ ಹಳ್ಳದಲ್ಲಿ ಹೂತ ಮಿಲಿಟರಿ ಲಾರಿಯನ್ನು ನೂಕಲು ಹೋದವನನ್ನು ಸೈನಿಕರು ನೀರಿನ ಡಬ್ಬ ಹೊರಲು ಇಟ್ಟುಕೊಂಡರು. ಎಂಟು ತಿಂಗಳು ಅವರ ಜೊತೆ ತಿರುಗಿ ಗಾಡಿ ಕಲಿತು ಬಂದ. ಪರವಾನಗಿ ಮಾಡಿಸಿಕೊಂಡ. ಗಂಜಿನ ಒಬ್ಬ ಸಾಹುಕಾರ ಬೇರೆ ಡ್ರೈವರು ಸಿಗದೆ ಅವನ ಕೈಗೆ ಲಾರಿ ಕೊಟ್ಟ. ಕೊಡುವಾಗ ಒಂದು ಮಾತು ಹೇಳಿದ. ಸೀಟಿನ ಮೇಲೆ ತನ್ನದೇ ಗೋಣಿಚೀಲ ಹಾಸಿಕೊಂಡು ಕೂಡಬೇಕು, ಇಳಿಯುವಾಗ ಅದನ್ನು ಎತ್ತಿಕೊಂಡೇ ಇಳಿಯಬೇಕು. ಮಾಪಣ್ಣ ಹಾಗೇ ಮಾಡುತ್ತಿದ್ದ. ಹುಮನಾಬಾದಿಗೆ ಬೇಳೆ ಒಯ್ಯುವಾಗ ನಾಕಾದಲ್ಲಿ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಇಳಿದು, ಹಣಮಮ್ಮನ ಮುಂದೆ ತಾನೇ ಬಾಯಿ ತೆರೆಯುತ್ತಿದ್ದ.

“ನೋಡಕ್ಕಾ, ಇವತ್ತೂ ಪುಂಡಿಪಲ್ಲ್ಯಾನೇ.”

ಆ ಬೇಸಿಗೆಯಲ್ಲಿ ಅವನಿಗೆ ಕೆಮ್ಮು ಹತ್ತಿತು. ಬೇಳೆ ಗಿರಣಿಯ ಧೂಳು ಎದೆಯಲ್ಲಿ ಕೂತಿತ್ತು. ಕೆಮ್ಮಿದರೆ ಸ್ಟೇರಿಂಗಿನ ಮೇಲೆ ಮುದುಡಿ ಬೀಳುತ್ತಿದ್ದ.

“ದವಾಖಾನಿಗಿ ಹೋಗು ತಮ್ಮಾ. ಬಾಟ್ಲಿ ಒಯ್ಯಿ” ಎಂದಳು.

“ನನ್ನ ಹತ್ರ ಎಲ್ಲದ ಬಾಟ್ಲಿ?”

ಗುಂಡಿಯ ಪಕ್ಕದಲ್ಲಿ ಒಡೆಯಬೇಕಾದ ಬಾಟಲಿಗಳು ಬಿದ್ದಿದ್ದವು. ಅವಳು ಅತ್ತಿತ್ತ ನೋಡಿದಳು. ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ, ಜಪ್ತಿಯ ಕೆಂಪು ಅರಗನ್ನು ಕುತ್ತಿಗೆಯಿಂದ ಕೆರೆದು, ಬೂದಿ ಹಾಕಿ ತಿಕ್ಕಿ, ಮರುದಿನ ಅವನ ಕೈಗೆ ಕೊಟ್ಟಳು.

ಹತ್ತು ದಿನದ ಮೇಲೆ, ಬಿಸಿಲು ನೆತ್ತಿಗೆ ಬಂದ ಹೊತ್ತು, ಮಾಪಣ್ಣನ ಲಾರಿ ಕಲಬುರಗಿ ಕಡೆಯಿಂದ ಬಂತು. ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ನಿಧಾನವಾಗಿ ರಸ್ತೆ ಬಿಟ್ಟು ವಾಲಿತು. ಅಡ್ಡ ಬಿದಿರನ್ನು ಮುರಿದು, ಬೇವಿನ ನೆರಳಲ್ಲಿದ್ದ ಜಮಾದಾರನ ಹಗ್ಗದ ಮಂಚವನ್ನು ಹಪ್ಪಳ ಮಾಡಿ ನಿಂತಿತು. ದೌಲಪ್ಪ ಆಗಷ್ಟೇ ನೀರು ಕುಡಿಯಲು ಎದ್ದಿದ್ದ. ತಂಬಿಗೆ ಕೈಯಲ್ಲೇ ಇತ್ತು.

ಯಾರಿಗೂ ಏನೂ ಆಗಲಿಲ್ಲ. ಬೇಳೆ ಚೀಲಗಳ ಮೇಲೆ ಕೂತಿದ್ದ ಹಮಾಲರಲ್ಲಿ ಒಬ್ಬ, “ಜಮಾದಾರ್ರ ಆಯುಷ್ಯ ಗಟ್ಟಿ ಅದ” ಎಂದ. ಇನ್ನೊಬ್ಬ, “ಮಂಚದ್ದು ಮುಗೀತು” ಎಂದ. ಜವಾನರು ನಕ್ಕರು. ಆ ನಗು ಜಮಾದಾರನಿಗೆ ಕೇಳಿಸಿತು.

ಮಾಪಣ್ಣನನ್ನು ಕೋಲಿನಿಂದ ತಿವಿದು ಇಳಿಸಿದ. ಅವನಿಗೆ ಇನ್ನೂ ಕಣ್ಣು ಪೂರಾ ತೆರೆದಿರಲಿಲ್ಲ. ಆಗಲೂ ಗೋಣಿಚೀಲ ಮರೆಯದೆ ಎತ್ತಿಕೊಂಡು ಇಳಿದ. ಜಮಾದಾರ ರಸ್ತೆಯ ಮೇಲೆ ಸುಣ್ಣದಿಂದ ಗೆರೆ ಎಳೆಸಿದ.

“ಇದರ ಮ್ಯಾಲ ನಡಿ. ಕಾಲಾಗಿನವು ಬಿಚ್ಚು.”

ಕಾದ ಕಂಕರ. ಚಪ್ಪಲಿ ಬಿಚ್ಚಿ ನಡೆದ. ಕಾಲು ಸುಟ್ಟು ಗೆರೆಯ ಆಚೆ ಈಚೆ ಹಾರಿದ. ಸುಡುವ ಕಲ್ಲಿನ ಮೇಲೆ ಕುಡಿಯದವನೂ ನೆಟ್ಟಗೆ ನಡೆಯಲಾರ. “ನೋಡ್ರಿ, ಹ್ಯಾಂಗ ತೂರ್ಯಾಡ್ತಾನ” ಎಂದ ಜಮಾದಾರ. ನಾಲ್ಕು ಸಲ ನಡೆಸಿದ. ಮಾಪಣ್ಣ ಕೆಮ್ಮಿ ಕೆಮ್ಮಿ ಮೊಣಕಾಲೂರಿದ. ಮೊಣಕಾಲೂ ಸುಟ್ಟಿತು.

ಅಷ್ಟರಲ್ಲಿ ಜವಾನನೊಬ್ಬ ಸೀಟಿನ ಕೆಳಗಿಂದ ಬಾಟಲಿ ತಂದ. ಸರಾಯಿ ಬಾಟಲಿ. ತಳದಲ್ಲಿ ಎರಡು ಬೆರಳಷ್ಟು ಕಂದು ದ್ರವ.

“ಏನಿದು?”

“ಔಷಧ ರೀ. ದವಾಖಾನಿದು. ಕೆಮ್ಮಿಂದು.”

“ದವಾಖಾನಿಯವರು ಸರಾಯಿ ಬಾಟ್ಲ್ಯಾಗ ಕೊಡ್ತಾರೇನಲೇ?”

“ನಮಗ ಹಂಗೇ ಕೊಡೋದ್ರೀ.”

“ಚೀಟಿ ತೋರಸು.”

“ಚೀಟಿ ನಮ್ಮ ಕೈಯಾಗ ಕೊಡಂಗಿಲ್ರೀ.”

ಜಮಾದಾರ ಬಾಟಲಿಯನ್ನು ಜವಾನನ ಕೈಯಲ್ಲೇ ಬಿಸಿಲಿಗೆ ಹಿಡಿಸಿ ನೋಡಿದ. ಕುತ್ತಿಗೆಯ ಸಂದಿಯಲ್ಲಿ ಸಾಸಿವೆಯಷ್ಟು ಕೆಂಪು ಉಳಿದಿತ್ತು.

“ಅರಗು. ನಮ್ಮ ಜಪ್ತಿ ಮಾಲು. ಕುಡಿಯೋದಷ್ಟೇ ಅಲ್ಲ, ಕಳವೂ ಮಾಡ್ಯಾನ. ಹಣಮೀ, ಬಾ ಇಲ್ಲಿ.”

ಹಣಮಮ್ಮ ಬಂದು ನಿಂತಳು. ಮಾಪಣ್ಣ ಅವಳನ್ನು ನೋಡಿದ. ಬಾಟಲಿ ಕೊಟ್ಟವಳು ಇವಳು ಎನ್ನಲಿಲ್ಲ. ಬಾಯಿ ತೆರೆದ.

ಅವಳು ಮೂಸಿದಳು. ಮೊದಲು ಕರ್ಪೂರ. ಅದರ ಹಿಂದೆ ಸೋಂಪು. ಸೋಂಪಿನ ಹಿಂದೆ ಸ್ಪಿರಿಟ್ಟು, ನಾಲಿಗೆಯ ಬದಿಯಲ್ಲಿ ಚುರುಕು. ಎಲ್ಲದರ ಅಡಿಯಲ್ಲಿ, ಬಾವಿಯ ತಳದ ಕೆಸರಿನ ಹಾಗೆ, ಅಫೀಮು. ಅವಳು ಕಣ್ಣು ಮುಚ್ಚಿದಳು. ದವಾಖಾನೆಯ ಮೂರನೆಯ ಹಲಗೆ, ಬಲಗಡೆಯ ದೊಡ್ಡ ಜಾಡಿ. ಆ ಜಾಡಿ ತೊಳೆದ ದಿನ ಅವಳಿಗೂ ಮಧ್ಯಾಹ್ನ ತೂಕಡಿಕೆ ಬರುತ್ತಿತ್ತು.

“ಅದನೋ, ಇಲ್ಲೋ?”

“ಸರಾಯಿ ಇಲ್ರೀ.”

“ಮತ್ತ ಮೂಸು.”

“ಕೆಮ್ಮಿನ ಔಷಧ ರೀ. ಹನ್ನೆರಡು ವರ್ಷ ತೊಳದೀನಿ.”

“ಸೋಂಪಿನ ಸರಾಯಿ ವಾಸನಿ ನನಗ ಇಲ್ಲಿತನಾ ಬರಾಕತ್ತದ. ನೀ ಇಲ್ಲ ಅಂತೀಯೇನ?”

“ಹತ್ರ ಬಂದು ನೋಡ್ರಿ ಮತ್ತ.”

ಜವಾನರ ನಗು ನಿಂತಿತು. ಅವಳೂ ಬೆಚ್ಚಿದಳು. ಆ ಮಾತು ತನ್ನ ಬಾಯಿಂದ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಜಮಾದಾರ ಕೋಲು ಎತ್ತಿ ಅವಳ ಮೊಣಕೈಗೆ ಹೊಡೆದ. ಕರೀಂಸಾಬನ ಕಡೆ ತಿರುಗಿ, “ಬರಿ. ಸರಾಯಿ ಅಂತ ಬರಿ” ಎಂದ. ಕರೀಂಸಾಬ್ ಬರೆದ. ಕಾಗದ ಅವಳ ಮುಂದೆ ಬಂತು, ಮಸಿಯ ಡಬ್ಬಿ ಬಂತು.

ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. “ಒಲ್ಲೆ ರೀ.”

ಹೊಡೆದರು. ಮುಷ್ಟಿ ಬಿಚ್ಚಲಿಲ್ಲ. ಬಿಚ್ಚಬೇಕಾದರೆ ಯಾರಾದರೂ ಅವಳ ಕೈ ಹಿಡಿಯಬೇಕಿತ್ತು. ಯಾರೂ ಹಿಡಿಯಲಿಲ್ಲ. ಹಾಗೆ ಆ ಮಧ್ಯಾಹ್ನ ಅವಳ ಮೈಲಿಗೆಯೇ ಅವಳನ್ನು ಕಾಯಿತು. ಬಾಟಲಿ ನನ್ನದು ಎನ್ನುವ ಇನ್ನೊಂದು ಮಾತನ್ನು ಮಾತ್ರ ಅವಳು ಆಡಲಿಲ್ಲ. ಆಡಿದರೆ ಗುಡಿಸಲು ಹೋಗುತ್ತದೆ. ಹಮಾಲರಿಂದಲೇ ಮಾಪಣ್ಣನ ಕೈಗೆ ಹಗ್ಗ ಕಟ್ಟಿಸಿ ಕಲಬುರಗಿಯ ಬಸ್ಸಿನ ಮೇಲೆ ಹತ್ತಿಸಿದರು. ಅವಳು ನೋಡುತ್ತ ನಿಂತಳು.

ಮರುದಿನ ಬೆಳಿಗ್ಗೆ ಕರೀಂಸಾಬ್ ತಾನಾಗಿ ಗುಡಿಸಲಿನ ಮುಂದೆ ಬಂದ. ನೆಲ ನೋಡುತ್ತಿದ್ದ.

“ಹಣಮಮ್ಮ, ನಿನ್ನ ಹೆಬ್ಬೆಟ್ಟು ಒತ್ತಿದ ಖಾಲಿ ಕಾಗದ ಅವ ಜಮಾದಾರ್ರ ಹತ್ರ. ನೆನಪದೇನು?”

ನೆನಪಿತ್ತು. ದೀಪಾವಳಿ ಹೊತ್ತಿಗೆ, ಸಾಹೇಬರು ತಪಾಸಣೆಗೆ ಬಂದಾಗ ತ್ರಾಸು ಬೇಡ ಎಂದು, ಜಮಾದಾರ ಅವಳನ್ನು ಕೂಡಿಸಿ ಒಮ್ಮೆಲೇ ಹತ್ತಿಪ್ಪತ್ತು ಒತ್ತಿಸಿಕೊಂಡಿದ್ದ.

“ಅದರಾಗಿಂದ ಒಂದು ತೆಗೆದು ಬರಿಸ್ಯಾರ. ಇವಳು ಮೂಸಿದಳು, ಸರಾಯಿ ಇತ್ತು, ಸಾಕ್ಷಿ ಗವಾಹಿ ಕೊಡ್ತಾಳ ಅಂತ. ಶುಕ್ರವಾರ ಅದಾಲತ್ತಿನಾಗ ಪೇಶಿ.”

“ಯಾರು ಬರೆದ್ರು?”

“ನಾನೇ ಬರದೀನಮ್ಮ.” ಅವನ ಗಡ್ಡ ಅಲುಗಿತು. “ಮೊದಲಿನವೂ ನಾನೇ ಬರದೀನಿ. ನೀ ಒಮ್ಮೊಮ್ಮೆ ಇಲ್ಲ ಅಂದಿದ್ದೂ ಅದ ಅಂತ ಬರದೀನಿ. ನಂಗೂ ಮಕ್ಕಳವ. ನನ್ನ ಮ್ಯಾಲ ಒಂದು ಕಾಗದ ಬರಿಯಾಕ ಅವರಿಗಿ ಎಷ್ಟು ಹೊತ್ತು?”

ಹಣಮಮ್ಮ ಬೈಯಲಿಲ್ಲ. ಇಲ್ಲ ಎಂದದ್ದು ಅದ ಎಂದಾಗಿದ್ದರೆ, ಅದ ಎಂದದ್ದರಲ್ಲಿ ಎಷ್ಟು ನಿಜ? ಹಲ್ಲುನೋವಿಗೆ ಹತ್ತಿಯಲ್ಲಿ ಸರಾಯಿ ಅದ್ದಿ ಇಟ್ಟುಕೊಂಡಿದ್ದ ಒಬ್ಬ ಬಂಡಿಯವನು ನೆನಪಾದ. ಅವನ ದವಡೆ ಊದಿತ್ತು. ಅವಳು ಊದಿದ ದವಡೆಯನ್ನು ನೋಡಿಯೂ ಅದ ಎಂದಿದ್ದಳು. ಅವಳನ್ನು ಕೇಳಿದ್ದು ಮೂಗಿಗೆ ಬಂದದ್ದನ್ನು ಮಾತ್ರ. ಅವನ ಎತ್ತುಗಳು ಮೂರು ದಿನ ನಾಕಾದಲ್ಲಿ ಮೇವಿಲ್ಲದೆ ನಿಂತಿದ್ದವು.

ಬಾಳೆಗೊನೆಯ ಬಂಡಿಯೊಂದು ಕಲಬುರಗಿಗೆ ಹೊರಟಿತ್ತು. ಅದರ ಹಿಂದೆ ನಡೆದಳು. ಏರು ಬಂದಲ್ಲಿ ಬಂಡಿ ನೂಕಿದಳು, ಇಳಿಜಾರು ಬಂದಲ್ಲಿ ಹಿಂಬದಿಯ ಹಲಗೆ ಹಿಡಿದು ಕೂತಳು. ಮರುದಿನ ದವಾಖಾನೆಯ ಹಿತ್ತಲ ಕಿಟಕಿಯಲ್ಲಿ ನಿಂತಾಗ ನಾಗಣ್ಣ ಕನ್ನಡಕ ಏರಿಸಿ ನೋಡಿದ.

“ಏನವ್ವಾ ಹಣಮಮ್ಮ, ನೀ ಹೋದ ಮ್ಯಾಲ ಬಾಟ್ಲಿ ಒಂದೂ ಸ್ವಚ್ಛ ಇಲ್ಲ ನೋಡು.”

ಅವಳು ಹೇಳಿದಳು. ಮಾಪಣ್ಣ, ಲಾರಿ, ಕೆಮ್ಮು. ಚೀಟಿ ಬೇಕು. ಇದು ಔಷಧವೆಂದು ಡಾಕ್ಟರು ಬರೆದ ಒಂದು ತುಂಡು ಕಾಗದ ಸಾಕು.

ನಾಗಣ್ಣ ರಿಜಿಸ್ಟರು ತೆಗೆದು ಹಾಳೆ ತಿರುವಿದ. ಒಂದು ಕಡೆ ಬೆರಳು ನಿಂತಿತು. ಮುಖ ಬಿಗಿಯಿತು. ಮುಚ್ಚಿದ.

“ಏನು ಬರದಾರ್ರೀ?”

“ಏನಿಲ್ಲ.”

“ಏನೋ ಅದ. ನಿಮ್ಮ ಮಾರಿ ಹೇಳಾಕತ್ತದ.”

ನಾಗಣ್ಣ ಕೆಟ್ಟವನಲ್ಲ. ಸುಳ್ಳು ಹೇಳಲು ಅಭ್ಯಾಸವೂ ಸಾಲದು. ದನಿ ತಗ್ಗಿಸಿದ. “ಡಾಕ್ಟರ್ ಸಾಹೇಬ್ರು ಅವನ ಕಸುಬು ಕೇಳಿ ಬರದಾರ. ಇದರಿಂದ ನಿದ್ದಿ ಬರ್ತದ, ಒಂದೊಂದು ಚಮಚಾ, ಮುಗಿಯೋತನ ಲಾರಿ ನಡಸಬ್ಯಾಡ ಅಂತ ರೋಗಿಗಿ ಹೇಳ್ರಿ ಅಂತ.”

“ನೀವು ಹೇಳಿದ್ರೇನು?”

“ಅವತ್ತು ಕಿಟಕಿಗಿ ನಲವತ್ತು ಮಂದಿ. ಹೊರಗ ನಿಂತವರಿಗಿ ಎಷ್ಟಂತ ಕೂಗ್ಲಿ? ದಿನಕ್ಕ ಮೂರು ಸಲ ಅಂದೀನಿ.”

“ಎಷ್ಟೆಷ್ಟು ಅಂತ?”

ನಾಗಣ್ಣ ರಿಜಿಸ್ಟರನ್ನು ಕಪಾಟಿನೊಳಗೆ ತಳ್ಳಿದ. ಅವಳಿಗೆ ಎಲ್ಲ ಕಣ್ಣಿಗೆ ಕಟ್ಟಿತು. ಪಟ್ಟಿ ಇಲ್ಲದ ಬಾಟಲಿ, ಗೆರೆ ಇಲ್ಲದ ಗಾಜು. ಕೆಮ್ಮು ಹೆಚ್ಚಾದ ದಿನ ಒಂದು ಗುಟುಕಿಗೆ ಬದಲು ನಾಲ್ಕು ಗುಟುಕು. ಗೋಣಿಚೀಲದ ಮೇಲೆ ಕೂತು, ನಡು ಮಧ್ಯಾಹ್ನ, ಯಾಕೆ ರೆಪ್ಪೆಗಳು ಭಾರವಾಗುತ್ತಿವೆ ಎಂದು ತಿಳಿಯದೆ ಸ್ಟೇರಿಂಗ್ ಹಿಡಿದಿದ್ದ ಮನುಷ್ಯ.

“ಆ ಹಾಳಿ ಕೊಡ್ರಿ. ಇಲ್ಲಂದ್ರ ನೀವೇ ಬರ್ರಿ. ಅವನಿಗಿ ಗೊತ್ತಿದ್ದಿಲ್ಲ ಅಂತ ಒಂದು ಮಾತು ಹೇಳ್ರಿ.”

“ರಿಜಿಸ್ಟರು ಹೊರಗ ಹೋಗಂಗಿಲ್ಲ. ಡಾಕ್ಟರು ಕಾಲರಾ ಕ್ಯಾಂಪಿಗಿ ಹೋಗ್ಯಾರ, ತಿಂಗಳು ಬರಂಗಿಲ್ಲ. ನಾ ಬಂದರ ನನ್ನ ನೌಕರಿ ಹೋಗ್ತದ.” ಅವನು ಕಿಟಕಿಯ ಬಾಗಿಲಿಗೆ ಕೈ ಹಾಕಿದ. “ಕರೆಸಿ ಕೇಳಿದರ ನಿದ್ದಿ ಬರ್ತದಂತ ನಾ ಅವನಿಗಿ ಹೇಳೀನಿ ಅಂತನೇ ಅನ್ನಬೇಕಾಗ್ತದ, ಹಣಮಮ್ಮ. ಕರೆಸಬ್ಯಾಡ. ಅವನಿಗೇ ಕೆಟ್ಟದ್ದು.”

ಕಿಟಕಿ ಮುಚ್ಚಿತು. ಕಟ್ಟೆಯ ಮೇಲೆ ಯಾರದೋ ಸರಾಯಿ ಬಾಟಲಿ ಔಷಧಕ್ಕೆ ಕಾಯುತ್ತ ನಿಂತಿತ್ತು. ಬೂದಿಯಲ್ಲಿ ತಿಕ್ಕಿದ ಗುರುತು ಅದರ ಮೇಲಿತ್ತು.

ಶುಕ್ರವಾರ ಅದಾಲತ್ತಿನಲ್ಲಿ ಅವಳ ಹೆಸರು ಕೂಗಿದರು. ಬಾಗಿಲಲ್ಲೇ ನಿಂತಳು. ಮ್ಯಾಜಿಸ್ಟ್ರೇಟ್ ಸಾಹೇಬ ಹೊಸಬ, ವಯಸ್ಸು ಕಡಿಮೆ. “ಒಳಗೆ ಬಾ, ಈಗ ಕಾಯ್ದೆ ಬದಲಾಗಿದೆ” ಎಂದ. ಅವಳು ಒಳಗೆ ಬಂದಳು. ಜಮಾದಾರ ಎರಡು ಹೆಜ್ಜೆ ಸರಿದು ಗೋಡೆಗೆ ಹತ್ತಿ ನಿಂತ. ಮಾಪಣ್ಣ ಕಟಕಟೆಯಲ್ಲಿದ್ದ. ಅಂಗಾಲಿನ ಬೊಕ್ಕೆ ಒಡೆದಿದ್ದರಿಂದ ಪಾದದ ಅಂಚಿನ ಮೇಲೆ ನಿಂತಿದ್ದ.

ಗುಮಾಸ್ತ ಕಾಗದ ಓದಿದ. ಸಾಹೇಬ ಕೇಳಿದ, “ಈ ಹೆಬ್ಬೆಟ್ಟು ನಿನ್ನದೇ?”

“ನಂದೇ ರೀ. ಮಾತು ನನ್ನವಲ್ಲ.”

“ಅಂದರೆ?”

“ಹೆಬ್ಬೆಟ್ಟು ಮೊದಲು ಒತ್ತಿಸಿಕೊಂಡಾರ. ಮಾತು ಆಮ್ಯಾಲ ತುಂಬ್ಯಾರ. ಅವನ ಬಾಯಾಗ ಇದ್ದದ್ದು ಔಷಧ. ಬಾಟ್ಲಿ ಅವನು ಕದ್ದಿಲ್ಲ. ನಾ ಕದ್ದು ಕೊಟ್ಟೀನಿ. ಒಡೀಬೇಕಾಗಿತ್ತು, ಒಡೀಲಿಲ್ಲ. ಬೂದಿ ಹಾಕಿ ತಿಕ್ಕಿ ಕೊಟ್ಟೀನಿ. ಆ ಅರಗು ನಾ ಕೆರೆಯೋವಾಗ ಉಳಿದದ್ದು.”

ಮಾಪಣ್ಣ, “ಯಕ್ಕಾ, ಬ್ಯಾಡ” ಎಂದ. ಜವಾನ ಗದರಿಸಿ ಅವನನ್ನು ತಡೆದ.

ಸಾಹೇಬ ಪೆನ್ನು ಕೆಳಗಿಟ್ಟ. “ಆ ಔಷಧದಿಂದ ನಿದ್ದೆ ಬರುತ್ತದೆಯೇ?”

ಇಲ್ಲ ಎನ್ನಬಹುದಿತ್ತು. ಒಂದೇ ಮಾತು. ಅವಳು ಕಂಡ ಸುಳ್ಳುಗಳಲ್ಲೆಲ್ಲ ಚಿಕ್ಕದು. ಆದರೆ ಅವಳ ಬಳಿ ಇದ್ದದ್ದು ಮೂಗು ಒಂದೇ. ಅದನ್ನೂ ಸುಳ್ಳು ಮಾಡಿಬಿಟ್ಟರೆ ಇವತ್ತು ಹೇಳಿದ್ದಕ್ಕೆ ಏನು ಬೆಲೆ?

“ಬರ್ತದ ರೀ. ಅದರಾಗ ಅಫೀಮದ. ಆದ್ರ ಅವನಿಗಿ ಯಾರೂ ಹೇಳಿಲ್ಲ. ಹೇಳಬೇಕಂತ ಡಾಕ್ಟರು ಬರದಾರ. ಬರದದ್ದು ರಿಜಿಸ್ಟರಿನಾಗದ. ನಮಗ ಚೀಟಿ ಕೊಡಂಗಿಲ್ಲ, ಪಟ್ಟಿ ಅಂಟಿಸಂಗಿಲ್ಲ, ಹತ್ರ ಕರೆದು ಹೇಳಂಗಿಲ್ಲ. ಎಷ್ಟು ಕುಡೀಬೇಕು ಅನ್ನೋದು ಸೈತ ಅವನಿಗಿ ಗೊತ್ತಿಲ್ರೀ.”

“ಆ ಚೀಟಿ ಎಲ್ಲಿದೆ?”

“ಕೊಡಲಿಲ್ರೀ.”

ಸಾಹೇಬ ಪೆನ್ನು ಮತ್ತೆ ಎತ್ತಿಕೊಂಡ. ಆಮೇಲೆ ಮೆತ್ತಗೆ, ಅವಳಿಗೆ ತಿಳಿಯಲೆಂದು ಕನ್ನಡದಲ್ಲೇ ಹೇಳಿದ. ಕಾನೂನಿಗೆ ಸರಾಯಿಯೂ ಒಂದೇ, ಔಷಧವೂ ಒಂದೇ. ನಿದ್ದೆಯಲ್ಲಿ ಲಾರಿ ಮಂಚದ ಮೇಲೆ ಹೋಗಿದೆ. ಮನುಷ್ಯ ಮಲಗಿದ್ದರೆ ಸಾಯುತ್ತಿದ್ದ.

ಅದು ಸುಳ್ಳಲ್ಲ. ಹಣಮಮ್ಮನಿಗೂ ಅದು ಗೊತ್ತಿತ್ತು.

“ಖರೇ ಅದ ರೀ. ಆದ್ರ ಒಂದು ವರ್ಷದಾಗ ನನ್ನ ಮುಂದ ಬಾಯಿ ತೆರದವರು ಎಲ್ಲಾ ಬಡವರು. ಕಾರಿನಾಗ ಕುಂತವರ ಬಾಯಿ ಒಂದು ದಿನನೂ ನನ್ನ ಮೂಗಿನ ಮುಂದ ತಂದಿಲ್ಲ. ಕಾನೂನಿಗಿ ಎಲ್ಲಾ ಒಂದೇ ಆದ್ರ, ಅವರನ್ನೂ ನಿಲ್ಲಸ್ರಿ. ನಾ ಮೂಸ್ತೀನಿ.”

“ಅದು ಈ ಮೊಕದ್ದಮೆಯಲ್ಲಿಲ್ಲ” ಎಂದ ಸಾಹೇಬ.

ಮಾಪಣ್ಣನ ಪರವಾನಗಿ ರದ್ದಾಯಿತು. ಮೂರು ತಿಂಗಳು ಜೈಲು. ಅವನು ಹೆಗಲ ಮೇಲೆ ಗೋಣಿಚೀಲಕ್ಕೆ ತಡಕಾಡಿದ. ಅದು ನಾಕಾದಲ್ಲೇ ಉಳಿದಿತ್ತು. ಇನ್ನು ಅದರ ಕೆಲಸವೂ ಇರಲಿಲ್ಲ. ಜಪ್ತಿ ಮಾಲು ಕದ್ದದ್ದಕ್ಕೆ ಹಣಮಮ್ಮನಿಗೆ ಆ ದಿನದ ಅದಾಲತ್ತು ಮುಗಿದು ಏಳುವವರೆಗೆ ಅಲ್ಲೇ ಕೂಡುವ ಶಿಕ್ಷೆ. ಒಳಗೆ ಬಾ ಎಂದ ಅದೇ ಕೋಣೆಯಲ್ಲಿ ಅವಳನ್ನು ಕೂಡಿಸಲು ಜವಾನ ಒಪ್ಪಲಿಲ್ಲ. ಹೊರಗಿನ ಬಿಸಿಲಿನಲ್ಲಿ ಕೂತು ಶಿಕ್ಷೆ ಮುಗಿಸಿದಳು.

ಕಮಲಾಪುರಕ್ಕೆ ಬಂದಾಗ ಗುಡಿಸಲಿನ ಬಾಗಿಲಿಗೆ ಬೇಲಿ ಬಡಿದಿದ್ದರು. ಗಡಿಗೆಗಳು ಹೊರಗಿದ್ದವು. ಕೇರಿಯ ಬಾಯಲ್ಲೇ ಇದ್ದ ಮುದುಕಿ ಗುಂಡಮ್ಮನ ಮನೆಯ ಕಟ್ಟೆಯ ಮೇಲೆ ಮಲಗಿದಳು. ಕೆಲಸ ಸಿಗಲಿಲ್ಲ. ಒಂದು ಹೊತ್ತು ಅಂಬಲಿ, ಒಂದು ಹೊತ್ತು ನೀರು. ತನ್ನ ಬಾಯಿಯ ವಾಸನೆ ತನಗೇ ಬಂತು. ಆ ವಾಸನೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹದಿನೈದು ದಿನಕ್ಕೆ ಜಮಾದಾರ ಕೇರಿಯ ಬಾಯಿಗೆ ಬಂದು ನಿಂತ. ಜೊತೆಗೆ ಒಬ್ಬ ಜವಾನ, ಕರೀಂಸಾಬ್. ಸಾಹೇಬರ ತಪಾಸಣೆ ಇತ್ತು. ಮೂಸಲು ಯಾರೂ ಸಿಕ್ಕಿರಲಿಲ್ಲ. ಗುಂಡಮ್ಮನನ್ನು ಕೇಳಿದ್ದ, ಅವಳು ನೆಗಡಿ ಎಂದಿದ್ದಳು. ಅವಳ ಸೊಸೆಯನ್ನು ಕೇಳಿದ್ದ, ಅವಳಿಗೂ ನೆಗಡಿ. ಆ ಬೇಸಿಗೆಯಲ್ಲಿ ಕೇರಿಗೆ ಕೇರಿಯೇ ನೆಗಡಿ ಹಿಡಿದು ಕೂತಿತ್ತು.

“ಹಣಮಿ, ಆದದ್ದು ಆಯ್ತು. ಗುಡಿಸಲಾಗ ಹೋಗಿ ಇರು. ನಾಳಿಂದ ಬಾ. ಇದಕ್ಕೊಂದು ಹೆಬ್ಬೆಟ್ಟು ಹಾಕು.”

ಕರೀಂಸಾಬ್ ಕಾಗದವನ್ನು ಕಟ್ಟೆಯ ಮೇಲೆ ಇಟ್ಟ. ಕೈ ತೆಗೆಯುವಾಗ ಅದನ್ನು ಅವಳ ಕಡೆಗೆ ಸ್ವಲ್ಪ ತಿರುಗಿಸಿದ. ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಹಣಮಮ್ಮ ಕಾಗದ ನೋಡಿದಳು. ತನ್ನ ಹೆಬ್ಬೆರಳು ನೋಡಿದಳು. ಸುತ್ತಿ ಸುತ್ತಿ ಒಳಗೆ ಹೋಗುವ ಗೆರೆಗಳು. ಇವುಗಳ ಮೇಲೆ ಯಾರು ಏನು ಬೇಕಾದರೂ ಬರೆಯಬಹುದು. ಗುಂಡಮ್ಮನ ಬಾಗಿಲ ಪಕ್ಕದಲ್ಲಿ ಕುಡುಗೋಲು ಮಸೆಯುವ ಕಲ್ಲಿತ್ತು. ಅವಳು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಹೆಬ್ಬೆರಳನ್ನು ಕಲ್ಲಿಗೆ ಒತ್ತಿ ಉಜ್ಜಿದಳು. ಹಿಂದಕ್ಕೆ, ಮುಂದಕ್ಕೆ, ಕುಡುಗೋಲು ಮಸೆದ ಹಾಗೆ. ಕಲ್ಲು ಮೊದಲು ಬೆಳ್ಳಗಾಯಿತು. ಆಮೇಲೆ ಕೆಂಪಗಾಯಿತು.

“ಏ, ಏನು ಮಾಡಾಕತ್ತೀ” ಎಂದ ಜಮಾದಾರ. ತಡೆಯಬೇಕಾದರೆ ಮುಟ್ಟಬೇಕು. ನಿಂತಲ್ಲೇ ನಿಂತ.

ಅವಳು ಎದ್ದು ಬಂದು ಖಾಲಿ ಕಾಗದದ ಮೇಲೆ ಬೆರಳು ಒತ್ತಿದಳು. ಕೆಂಪು ಮುದ್ದೆ ಬಿತ್ತು. ಒಂದು ಗೆರೆಯೂ ಇರಲಿಲ್ಲ.

“ತಗೋರಿ. ಏನು ಬೇಕಾದ್ದು ಬರಸ್ರಿ. ಇದು ಯಾರದಂತ ಯಾರಿಗೂ ಗೊತ್ತಾಗಂಗಿಲ್ಲ.”

ಜವಾನ ಕಾಗದ ಎತ್ತಲು ಬಗ್ಗಿದವನು ಹಾಗೇ ಕೈ ಹಿಂದಕ್ಕೆ ಎಳೆದುಕೊಂಡ. ಜಮಾದಾರ ಕೋಲಿನಿಂದ ಅದನ್ನು ಚರಂಡಿಗೆ ತಳ್ಳಿ ತಿರುಗಿ ಹೋದ. ಮರುದಿನ ನಾಕಾದಲ್ಲಿ ಅವನು ಬಂಡಿಯವರಿಂದ ಎರಡು ಮಾರು ದೂರ ನಿಂತು, “ಊದು” ಎಂದು ಕೂಗುತ್ತಿದ್ದನಂತೆ. ಬಂಡಿಯವರು ಊದುತ್ತಿದ್ದರಂತೆ. ಗಾಳಿ ಬೇರೆ ಕಡೆ ಹೋಗುತ್ತಿತ್ತಂತೆ.

ಸಂಜೆ ಕರೀಂಸಾಬ್ ಒಬ್ಬನೇ ಬಂದ. ಟ್ಯೂಬಿಗೆ ಸುತ್ತುವ ಸ್ವಚ್ಛ ಬಟ್ಟೆಯ ತುಂಡು ತಂದಿದ್ದ. ತಾನೇ ಅವಳ ಬೆರಳಿಗೆ ಕಟ್ಟಿದ.

“ಹಣಮಮ್ಮ, ಕಚೇರಿಯಾಗ ಇದ್ದಾಗ ಕೇಳೀನಿ. ಚರ್ಮ ತಿರುಗಿ ಬೆಳೀತದ. ಬೆಳೆದಾಗ ಅವೇ ಗೆರಿ ಬರ್ತಾವ. ಒಂದೂ ಬದಲಾಗಂಗಿಲ್ಲ.”

ಅವಳು ಕಟ್ಟಿದ ಬೆರಳನ್ನು ತಿರುಗಿಸಿ ನೋಡಿದಳು. ಬಟ್ಟೆಯ ಮೇಲೆ ಕೆಂಪು ಹರಡುತ್ತಿತ್ತು.

“ಬರ್ಲಿ ಬಿಡ್ರಿ,” ಎಂದಳು. “ಕಲ್ಲು ಇಲ್ಲೇ ಅದ.”